ಡುಮ್ಮಿಯ ಕಾಲು

ಗಿರಿರಾಜ ಕೋಳಿ ಸಾಕಿದವರಿಗೆ ಅದರ ತೂಕ ಎಂಥದ್ದು ಅಂತ ಗೊತ್ತು. ಹಿತ್ತಲಲ್ಲಿ ಸಾಕುವವರಿಗೆಂದೇ ಬೆಂಗಳೂರಿನ ಹೆಬ್ಬಾಳದಲ್ಲಿ ಮಾಡಿದ ತಳಿ ಅದು. ಊರಕೋಳಿ ಹಾಗೆಯೇ ಮಣ್ಣು ಕೆದಕಿ, ಹುಳಹುಪ್ಪಟೆ ತಿಂದು ಬದುಕುತ್ತದೆ. ಆದರೆ ಮೈ ಮಾತ್ರ ಎರಡರಷ್ಟು. ನಮ್ಮ ಡುಮ್ಮಿ ಮೂರೂವರೆ ಕೆಜಿ ದಾಟಿದ್ದಳು. ಹೆಸರು ಮಗಳು ಇಟ್ಟಿದ್ದು. ಹೆಸರಿಟ್ಟ ಕೋಳಿಯನ್ನು ಸಾರು ಮಾಡೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಅವಳ ಜೊತೆ ತಂದ ಮರಿಗಳೆಲ್ಲ ಒಂದೊಂದು ಹಬ್ಬಕ್ಕೆ ಹೋದರೂ ಇವಳು ಉಳಿದುಕೊಂಡಳು, ಮೊಟ್ಟೆ ಇಟ್ಟಳು, ಅಡುಗೆಮನೆ ಹೊಸಿಲು ದಾಟಿ ಬಂದು ಬೈಸಿಕೊಂಡಳು, ಮೂರು ವರ್ಷ ಆರಾಮಾಗಿದ್ದಳು.

ಮಲಗುವುದು ಮಾತ್ರ ಕೊಟ್ಟಿಗೆಯ ಸೌದೆ ರಾಶಿಯ ತುದಿಯಲ್ಲೇ. ಗೂಡಿನಲ್ಲಿ ಎಷ್ಟು ಸಲ ಕೂಡಿದರೂ ಅಷ್ಟೇ, ಮಾರನೇ ದಿನ ಮತ್ತೆ ಸೌದೆ ಮೇಲೆ. ಬೆಳಿಗ್ಗೆ ಅಲ್ಲಿಂದ ಸಿಮೆಂಟ್ ನೆಲಕ್ಕೆ ಹಾರುವಾಗ ದಪ್ ಅಂತ ಶಬ್ದ ಒಳಗೆ ಮಲಗಿದ್ದ ನಮಗೂ ಕೇಳುತ್ತಿತ್ತು. ನಾಟಿ ಹ್ಯಾಟೆ ರೆಕ್ಕೆ ಬಡಿದು ಹಗುರಾಗಿ ಇಳಿಯುತ್ತದೆ. ಇವಳ ಮೈಭಾರ ತಡೆಯುವ ತಾಕತ್ತು ಇವಳ ರೆಕ್ಕೆಗೆ ಇರಲಿಲ್ಲ, ಎಲ್ಲಾ ಭಾರ ಅಂಗಾಲಿಗೆ.

ಶುರುವಿನಲ್ಲಿ ಕುಂಟುತ್ತಿರಲಿಲ್ಲ. ಕಾಳು ಹಾಕಿದರೆ ಮೊದಲು ಓಡಿ ಬರುತ್ತಿದ್ದವಳು ಕೊನೆಗೆ ಬರತೊಡಗಿದಳು. ಮಧ್ಯಾಹ್ನ ಒಂದೇ ಕಾಲಲ್ಲಿ ನಿಂತಿರುತ್ತಿದ್ದಳು. ಕೋಳಿಗಳು ಸುಮ್ನೆ ಹಾಗೆ ನಿಲ್ಲುತ್ತವೆ, ಅದೇನು ವಿಶೇಷ ಅಲ್ಲ. ಆದರೆ ಯಾವಾಗಲೂ ಎತ್ತಿಕೊಳ್ಳುವುದು ಬಲಗಾಲೇ ಆದರೆ ಅದು ವಿಶೇಷ. ಕೋಳಿ ತನ್ನ ನೋವನ್ನು ಹೊರಗೆ ತೋರಿಸುವ ಜಾತಿ ಅಲ್ಲ. ಕಾಯಿಲೆ ಬಿದ್ದಿದ್ದು ಗೊತ್ತಾದರೆ ಗಿಡುಗ ನರಿ ಎಲ್ಲ ಆಮೇಲೆ, ಮೊದಲು ಜೊತೆಯ ಕೋಳಿಗಳೇ ಕುಕ್ಕುತ್ತವೆ. ಅದಕ್ಕೇ ಮುಚ್ಚಿಟ್ಟುಕೊಳ್ಳುತ್ತವೆ. ನಮ್ಮ ಕಣ್ಣಿಗೆ ಕುಂಟು ಕಾಣುವ ಹೊತ್ತಿಗೆ ಅದು ತುಂಬಾ ದಿನದ ನೋವಾಗಿರುತ್ತದೆ.

ಒಂದು ಸಂಜೆ ಹಿಡಿದು ಕಾಲು ತಿರುಗಿಸಿ ನೋಡಿದೆವು. ಅಂಗಾಲಿನ ಮಧ್ಯದ ಮೆತ್ತನೆ ಭಾಗ ಊದಿಕೊಂಡು ಹೊಳೆಯುತ್ತಿತ್ತು, ಅದರ ನಡುವೆ ಕಡಲೆ ಕಾಳಿನಷ್ಟು ಕಪ್ಪು ಹಕ್ಕಳೆ. ಅಂಚು ಉರುಟು, ಚರ್ಮಕ್ಕೆ ಮೊಳೆ ಹೊಡೆದ ಹಾಗೆ ಗಟ್ಟಿ. ಬೆರಳಿಟ್ಟರೆ ಬಿಸಿ. ಎಡಗಾಲಿನ ಅಂಗಾಲು ತಣ್ಣಗಿತ್ತು. ಹೀಗೆ ಎರಡು ಕಾಲನ್ನೂ ಒಟ್ಟಿಗೆ ಹಿಡಿದು ನೋಡಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ.

ನಮ್ಮ ಕಡೆ ಇದಕ್ಕೆ ಕಾಲಿಗೆ ಆಣಿ ಆಗಿದೆ ಅಂತಾರೆ. ಡಾಕ್ಟರುಗಳು ಬಂಬಲ್‌ಫೂಟ್ ಅಂತಾರೆ. ಅಂಗಾಲು ಎಲ್ಲೋ ಒಂದು ಕಡೆ ಜಜ್ಜಿ ಅಥವಾ ಚುಚ್ಚಿ ಒಡೆಯುತ್ತದೆ, ಅಲ್ಲಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಹೆಚ್ಚಾಗಿ ಸ್ಟೆಫೈಲೊಕಾಕಸ್ ಅನ್ನುವ, ನಮ್ಮ ಚರ್ಮದ ಮೇಲೂ ಇರುವಂಥದ್ದು. ಅದಕ್ಕೇ ಗಾಯ ಮುಟ್ಟುವಾಗ ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಕೈ ಸೋಪಲ್ಲಿ ತೊಳೆಯಿರಿ. ಗಾಯದ ಕೈಯಲ್ಲಿ ಮುಟ್ಟಿದರೆ ನಮಗೂ ತಗಲಬಹುದು.

ಪಕ್ಕದ ಮನೆ ಅಕ್ಕ ಬೇಲಿಯ ಆಚೆಯಿಂದಲೇ, "ಕೊಕ್ಕರೆ ರೋಗ ಅಲ್ಲ ಅಲ್ವನೇ? ನಮ್ಮವಕ್ಕೂ ಬಂದೀತು ಮಾರಾಯ್ತಿ" ಅಂದರು. ಅವರ ಹೆದರಿಕೆ ಸುಳ್ಳಲ್ಲ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಕೇರಿಯ ಕೋಳಿಗಳೆಲ್ಲ ಸಾಲಾಗಿ ಹೋಗುತ್ತವೆ. ಅದರಲ್ಲೂ ಕಾಲು ಬೀಳುತ್ತದೆ. ಆದರೆ ಅದರ ಜೊತೆ ಹಸಿರು ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು ಇರುತ್ತದೆ, ಒಂದಕ್ಕೆ ಬಂದು ಒಂದಕ್ಕೇ ನಿಲ್ಲುವುದಿಲ್ಲ. ಇನ್ನೊಂದು ಮಾರೆಕ್ಸ್ ಅಂತ ಇದೆ, ವೈರಸ್ಸಿನದು. ನರ ಊದಿಕೊಂಡು ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಬಿದ್ದುಬಿಡುತ್ತವೆ. ಅದು ಜಾಸ್ತಿ ಎಳೆ ಕೋಳಿಗಳಿಗೆ, ಮದ್ದೂ ಇಲ್ಲ. ಮರಿ ಹುಟ್ಟಿದ ದಿನವೇ ಹ್ಯಾಚರಿಯಲ್ಲಿ ಚುಚ್ಚುವ ಲಸಿಕೆ ಮಾತ್ರ. ಕಾಲಿನ ಮೇಲಿನ ಪೊರೆಗಳು ಎದ್ದು ಬಿಳಿ ಹುರುಪೆ ಕಟ್ಟಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ, ಅದರ ಔಷಧಿಯೇ ಬೇರೆ. ಇದೆಲ್ಲ ಬರೆಯುತ್ತಿರುವುದು ಯಾಕೆಂದರೆ ಕೋಳಿ ಕುಂಟಿದ ಕೂಡಲೇ ಒಬ್ಬೊಬ್ಬರು ಒಂದೊಂದು ರೋಗದ ಹೆಸರು ಹೇಳುತ್ತಾರೆ. ಮೊದಲು ಅಂಗಾಲು ತಿರುಗಿಸಿ ನೋಡಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮನೆಯಲ್ಲಿ ಶುರು ಮಾಡಿದ್ದು ಬೆಚ್ಚಗಿನ ಉಪ್ಪುನೀರಿನಿಂದ. ಬಕೆಟ್ಟಿನಲ್ಲಿ ಕಾಲು ಮುಳುಗುವಷ್ಟು ನೀರು, ಡುಮ್ಮಿ ಟವೆಲ್ಲಿನಲ್ಲಿ. ಮೊದಲೆರಡು ಸಲ ಗೋಡೆಗೆಲ್ಲ ನೀರು ಎರಚಿ ರಂಪ ಮಾಡಿದಳು. ಆಮೇಲೆ ಬಿಸಿಗೆ ಹಿತವಾಗಿ ಅಲ್ಲೇ ಕಣ್ಣು ಮುಚ್ಚಿ ತೂಕಡಿಸುತ್ತಿದ್ದಳು. ಒಂದು ವಿಷಯ ಗಮನದಲ್ಲಿರಲಿ, ಕೋಳಿಯನ್ನು ಎದೆ ಒತ್ತಿ ಹಿಡಿಯಬಾರದು. ಎದೆಗೂ ಹೊಟ್ಟೆಗೂ ನಡುವೆ ನಮಗಿರುವಂಥ ವಪೆ, ಅಂದರೆ ಉಸಿರಾಡಿಸುವ ಸ್ನಾಯುವಿನ ಪರದೆ, ಅವಕ್ಕಿಲ್ಲ, ಎದೆಮೂಳೆ ಮೇಲೆ ಕೆಳಗೆ ಆಡಿದರೇನೇ ಉಸಿರು. ಬಿಗಿಯಾಗಿ ಅಪ್ಪಿಕೊಂಡು, ಪ್ರೀತಿಯಿಂದಲೇ ಕೋಳಿ ಸಾಯಿಸಿದವರಿದ್ದಾರೆ. ರೆಕ್ಕೆ ಮಾತ್ರ ಮೈಗೆ ಸೇರಿಸಿ ಟವೆಲ್ ಸುತ್ತಿ, ಪಕ್ಕಕ್ಕೆ ಒರಗಿಸಿಕೊಂಡರೆ ಸಾಕು. ನೆನೆದ ಮೇಲೆ ಒರೆಸಿ, ಬೆಟಾಡಿನ್ ಹಚ್ಚಿ, ಗಾಜ್ ಬಟ್ಟೆ ಇಟ್ಟು ಬೆರಳುಗಳ ನಡುವೆ ಎಂಟರ ಆಕಾರದಲ್ಲಿ ಪಟ್ಟಿ. ಬಿಗಿ ಜಾಸ್ತಿಯಾದರೆ ಬೆರಳು ತಣ್ಣಗಾಗುತ್ತದೆ, ಊದುತ್ತದೆ. ಅದನ್ನು ಆಗಾಗ ಮುಟ್ಟಿ ನೋಡಬೇಕು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಳ್ಳಿ, ಮಳೆಗಾಲ ಬೇರೆ. ಪಟ್ಟಿ ಕಟ್ಟಿದ ಅರ್ಧ ಗಂಟೆಗೆ ಅಂಗಳದ ಕೆಸರಲ್ಲಿ ನೆನೆದು ತೊಪ್ಪೆ. ಅದಕ್ಕೆ ನಮ್ಮನೆಯವರು ಹಾಲಿನ ಪ್ಯಾಕೆಟ್ ತೊಳೆದು ಪಟ್ಟಿಯ ಮೇಲೆ ಚೀಲದ ಹಾಗೆ ಕಟ್ಟುವ ಉಪಾಯ ಮಾಡಿದರು. ಹೊರಗೆ ಬಿಡುವಾಗ ಮಾತ್ರ, ಒಳಗೆ ಬಂದ ಕೂಡಲೇ ಬಿಚ್ಚಬೇಕು, ಇಲ್ಲದಿದ್ದರೆ ಒಳಗೇ ಬೆವೆತು ಕೊಳೆಯುತ್ತದೆ. ಇದಕ್ಕಿಂತ ಒಳ್ಳೆ ಉಪಾಯ ಹಳೇ ಹವಾಯಿ ಚಪ್ಪಲಿ. ಅದರ ಸ್ಪಂಜನ್ನು ಅಂಗಾಲಿನ ಅಳತೆಗೆ ಕತ್ತರಿಸಿ, ನಡುವೆ ಗಾಯದ ಜಾಗಕ್ಕೆ ಸರಿಯಾಗಿ ತೂತು ಮಾಡಿ ಪಟ್ಟಿಯ ಜೊತೆ ಕಟ್ಟಿದರೆ ಭಾರ ಸುತ್ತಲಿನ ಅಂಚಿನ ಮೇಲೆ ಬೀಳುತ್ತದೆ, ಗಾಯ ನೆಲಕ್ಕೆ ತಾಗುವುದಿಲ್ಲ. ನೀಲಿ ಚಪ್ಪಲಿ ಹಾಕಿಕೊಂಡ ಕೋಳಿಯನ್ನು ನೋಡೋಕೆ ಶಾಲೆ ಮಕ್ಕಳು ಗೇಟಿನ ಹತ್ತಿರ ನಿಲ್ಲುತ್ತಿದ್ದರು.

ಇಷ್ಟಾದರೂ ಊತ ಇಳಿಯಲಿಲ್ಲ. ಪಶು ಆಸ್ಪತ್ರೆಗೆ ಒಯ್ದೆವು. ಅಲ್ಲಿ ದನ, ಎಮ್ಮೆ ಕರು, ನಾಯಿ, ಮಧ್ಯೆ ರಟ್ಟಿನ ಪೆಟ್ಟಿಗೆಯಲ್ಲಿ ಕೋಳಿ ಇಟ್ಟುಕೊಂಡು ನಾನು. ಪಕ್ಕದಲ್ಲಿ ಕೂತಿದ್ದ ಅಜ್ಜ ಪೆಟ್ಟಿಗೆ ಇಣುಕಿ ನೋಡಿ, "ಇದಕ್ಕೂ ಚೀಟಿ ಮಾಡಿಸಿದ್ರಾ? ಕೋಳಿ ಕೇಳಿ ಮಸಾಲೆ ಅರೆಯೋರು ಇದ್ದಾರೆ ಅಂತಾಯ್ತು" ಅಂತ ನಕ್ಕರು. ನಾನೂ ನಕ್ಕೆ. ಡಾಕ್ಟರು ಮಾತ್ರ ನಗಲಿಲ್ಲ. ಕಾಲು ನೋಡಿ, "ಹಕ್ಕಳೆ ತೆಗೆಯದೆ ಮೇಲಿಂದ ಏನು ಹಚ್ಚಿದರೂ ವೇಸ್ಟಮ್ಮಾ. ಒಳಗೆ ಬೇರು ಇದೆ" ಅಂದರು.

ಆಗ ಗೊತ್ತಾಗಿದ್ದು, ಕೋಳಿಯ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ. ನಮ್ಮಲ್ಲಿ ಕೀವನ್ನು ಕರಗಿಸಿ ನೀರು ಮಾಡುವ ಕಿಣ್ವ ಇದೆ, ಹಕ್ಕಿಗಳ ಬಿಳಿ ರಕ್ತಕಣಗಳಲ್ಲಿ ಅದಿಲ್ಲ. ಹಾಗಾಗಿ ಹಿಂಡಿದರೆ ಏನೂ ಬರುವುದಿಲ್ಲ, ಹಿಂಡಿದಷ್ಟೂ ಸೋಂಕು ಒಳಕ್ಕೆ ಹೋಗುತ್ತದೆ. ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕಪ್ಪು ಹಕ್ಕಳೆಯ ಸುತ್ತ ಕೊಯ್ದು, ಚಿಮಟದಲ್ಲಿ ಹಿಡಿದು ನಿಧಾನಕ್ಕೆ ಎಳೆದರು. ಹಳೇ ಗಿಣ್ಣಿನ ಚೂರಿನಂಥ ಹಳದಿ ಗಟ್ಟಿ ಗಡ್ಡೆ ಬಂತು, ಅದರ ಹಿಂದೆ ದಾರದ ಹಾಗೆ ಎಳೆ ಎಳೆ. ಎಳೆಗಳು ಬೆರಳಿನ ಬುಡದ ಕಡೆ ಹೋಗಿದ್ದವು. ಡಾಕ್ಟರು ಒಂದು ಕ್ಷಣ ಸುಮ್ಮನಾದರು. ಕೈಗೆ ಸಿಕ್ಕಷ್ಟನ್ನು ಕೆರೆದು ತೆಗೆದು, ತೊಳೆದು, ಹೊಲಿಗೆ ಹಾಕದೆ ಹಾಗೇ ಪಟ್ಟಿ ಕಟ್ಟಿದರು. ಗಾಯ ಒಳಗಿನಿಂದ ತುಂಬಿಕೊಂಡು ಬರಬೇಕಂತೆ. ಇದನ್ನು ಮನೆಯಲ್ಲಿ ಬ್ಲೇಡ್ ಹಿಡಿದು ಮಾಡುವವರ ವಿಡಿಯೊಗಳು ಬೇಕಾದಷ್ಟಿವೆ. ನನ್ನ ಮಾತು ಕೇಳುವುದಾದರೆ ಬೇಡ. ಮರಗಟ್ಟಿಸದೆ ಕೊಯ್ದರೆ ಅದು ಕೂಗುವುದಿಲ್ಲ ಅಷ್ಟೇ, ನೋವು ಆಗುತ್ತದೆ.

ಬಾಯಿಗೆ ಹಾಕೋಕೆ ಆಂಟಿಬಯೋಟಿಕ್ ಕೊಟ್ಟರು, ನೋವಿಗೆ ಮೆಲಾಕ್ಸಿಕ್ಯಾಮ್ ಹನಿ. ಮನೆಯಲ್ಲಿ ಇರುವ ಡೈಕ್ಲೋಫೆನಾಕ್ ಅನ್ನುವ ನೋವಿನ ಗುಳಿಗೆ ಚೂರು ಮಾಡಿ ಹಾಕಬೇಡಿ ಅಂತ ಎರಡೆರಡು ಸಲ ಹೇಳಿದರು. ರಣಹದ್ದುಗಳನ್ನು ಮುಗಿಸಿದ್ದು ಅದೇ ಔಷಧಿ. ಡೈಕ್ಲೋಫೆನಾಕ್ ಕೊಟ್ಟ ದನದ ಹೆಣ ತಿಂದು ಹದ್ದುಗಳ ಕಿಡ್ನಿ ಹೋಗುತ್ತಿತ್ತು. 2006ರಲ್ಲಿ ನಮ್ಮ ದೇಶದಲ್ಲಿ ಜಾನುವಾರುಗಳಿಗೆ ಅದನ್ನು ನಿಲ್ಲಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದಿಗೆ ಬೇರೆಯೇ ವನ್ಯಧಾಮ ಮಾಡಿದ್ದರ ಹಿಂದೆ ಇರುವುದು ಅವುಗಳ ಈ ಕಥೆಯೇ. ಮೆಲಾಕ್ಸಿಕ್ಯಾಮ್ ಅವಕ್ಕೂ ತೊಂದರೆ ಮಾಡುವುದಿಲ್ಲ.

ಹನಿ ಹಾಕುವಾಗ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಬೇಕು. ಕೋಳಿಯ ಉಸಿರಿನ ದಾರಿ ನಾಲಿಗೆಯ ಹಿಂದೆಯೇ ತೆರೆದಿರುತ್ತದೆ, ಗಳಕ್ ಅಂತ ಸುರಿದರೆ ಶ್ವಾಸಕೋಶಕ್ಕೇ ಹೋಗುತ್ತದೆ. ಔಷಧಿ ನಡೆಯುವಾಗಲೂ, ನಿಲ್ಲಿಸಿದ ಮೇಲೆ ಡಾಕ್ಟರು ಹೇಳಿದಷ್ಟು ಕಾಲವೂ ಮೊಟ್ಟೆ ತಿನ್ನುವ ಹಾಗಿಲ್ಲ. ಅತ್ತೆಗೆ ಇದೊಂದು ಒಪ್ಪಿಗೆಯಾಗಲಿಲ್ಲ. ಚೆನ್ನಾಗಿರುವ ಮೊಟ್ಟೆಯನ್ನು ಅಡಿಕೆ ಮರದ ಬುಡದಲ್ಲಿ ಹೂಳುತ್ತಾರಲ್ಲ ಅಂತ ದಿನಾ ಒಂದು ಸಲ ಗೊಣಗುತ್ತಿದ್ದರು. ಹೆಚ್ಚು ದಿನ ಗೊಣಗುವ ಕೆಲಸ ಉಳಿಯಲಿಲ್ಲ, ಡುಮ್ಮಿ ಮೊಟ್ಟೆ ಇಡುವುದನ್ನೇ ನಿಲ್ಲಿಸಿದಳು.

ಕೆಲವು ದಿನ ಚೆನ್ನಾಗಿಯೇ ಹೋಯಿತು. ಗುಳಿ ತುಂಬುತ್ತಾ ಬಂತು, ಕೆಂಪು ಹೊಸ ಮಾಂಸ ಕಂಡಿತು. ನುಗ್ಗೆಸೊಪ್ಪು, ಪಪ್ಪಾಯಿ ಕೊಡಿ ಅಂದಿದ್ದರು, ವಿಟಮಿನ್ ಎ ಕಮ್ಮಿಯಾದರೆ ಅಂಗಾಲಿನ ಚರ್ಮ ಬೇಗ ಒಡೆಯುತ್ತದಂತೆ. ಪಪ್ಪಾಯಿ ಅಂದರೆ ಅವಳಿಗೆ ಪ್ರಾಣ. ಕೊಟ್ಟಿಗೆಯ ಮೂಲೆಯಲ್ಲಿ ಭತ್ತದ ಉಮಿ ದಪ್ಪಕ್ಕೆ ಹಾಸಿ, ಅಡ್ಡ ಬಲೆ ಕಟ್ಟಿ ಅವಳನ್ನು ಬೇರೆ ಇಟ್ಟಿದ್ದೆವು. ಬೇರೆ ಅಂದರೆ ಉಳಿದವು ಕಾಣುವ ಹಾಗೆ. ಪೂರ್ತಿ ಮರೆ ಮಾಡಿದರೆ ಆಮೇಲೆ ಗುಂಪಿಗೆ ಸೇರಿಸುವಾಗ ಹೊಸ ಕೋಳಿ ಬಂತು ಅಂತ ಕುಕ್ಕಿ ಹಾಕುತ್ತವೆ. ನೊಣದ ಕಾಟಕ್ಕೆ ಸೊಳ್ಳೆ ಪರದೆಯ ತುಂಡು ಇಳಿಬಿಟ್ಟಿದ್ದೆ. ಮಳೆಗಾಲದಲ್ಲಿ ತೆರೆದ ಗಾಯಕ್ಕೆ ಹುಳ ಬೀಳೋಕೆ ಒಂದು ರಾತ್ರಿ ಸಾಕು.

ಆಮೇಲೆ ಊತ ಬೆರಳುಗಳ ನಡುವೆ ಹತ್ತಿತು. ಅಲ್ಲಿಂದ ಮೇಲಕ್ಕೆ, ನಾವೆಲ್ಲ ಕೋಳಿಯ ಮೊಣಕಾಲು ಅಂದುಕೊಂಡಿರುವ ಜಾಗದ ತನಕ. ಅದು ಅಸಲಿಗೆ ಅದರ ಹಿಮ್ಮಡಿ ಗಂಟು, ಮೊಣಕಾಲು ಮೇಲೆ ಪುಕ್ಕದೊಳಗೆ ಇರುತ್ತದೆ. ಅದಕ್ಕೇ ಕೋಳಿಯ ಕಾಲು ಹಿಂದುಮುಂದಾಗಿ ಮಡಚುತ್ತದೆ ಅನ್ನಿಸುವುದು. ಆ ಗಂಟು ಬಿಸಿಯಾಗಿ ನಿಂಬೆಹಣ್ಣಿನಷ್ಟು ಆಯಿತು. ಇನ್ನೊಂದು ಕಷ್ಟ ಅಂದರೆ, ಅಷ್ಟು ದಿನ ಎಲ್ಲಾ ಭಾರ ಹೊತ್ತ ಎಡಗಾಲಿನ ಅಂಗಾಲಿನಲ್ಲೂ ಸಣ್ಣ ಕಪ್ಪು ಚುಕ್ಕೆ.

ಶಿವಮೊಗ್ಗದ ಪಶುವೈದ್ಯ ಕಾಲೇಜಿಗೆ ಹೋಗೋಣ ಅಂದಾಗ ಮನೆಯಲ್ಲಿ ಮಾತಾಯಿತು. ಹೋಗಿಬರುವ ಪೆಟ್ರೋಲಿಗೇ ಇಂಥ ಎರಡು ಕೋಳಿ ಬರುತ್ತವೆ ಅಂತ ಮೈದುನ ಲೆಕ್ಕ ಹಾಕಿದ. ಲೆಕ್ಕ ಸರಿಯೇ ಇತ್ತು. ಆದರೆ ನೋವು ಯಾರಿಗೆ ಆಗುತ್ತಿದೆ ಅನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ಕೋಳಿಯ ರೇಟು ಎಷ್ಟಾದರೂ ಅದರ ಕಾಲಿನಲ್ಲಿ ಇರುವ ನರ ನರವೇ ಅಲ್ವಾ. ಚೌಕಾಸಿ ಮಾಡದೆ ಹೋದೆವು.

ಅಲ್ಲಿ ಎಕ್ಸ್‌ರೇ ತೆಗೆದರು. ಬೆರಳಿನ ಬುಡದ ಕೀಲಿನಲ್ಲಿ ಮೂಳೆಯ ಅಂಚು ನುಣುಪಾಗಿರಬೇಕಾದದ್ದು ತಿಂದು ಹಾಕಿದ ಹಾಗೆ ಒರಟಾಗಿತ್ತು. ಕೀವಿನ ಮಾದರಿ ತೆಗೆದು ಲ್ಯಾಬಿಗೆ ಕೊಟ್ಟರು. ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಿಗೆ ಅದು ಬಗ್ಗುತ್ತದೆ ನೋಡುತ್ತಾರೆ. ನಾವು ಹಾಕುತ್ತಿದ್ದ ಔಷಧಿಗೆ ಬಗ್ಗಿರಲಿಲ್ಲ. ಬೇರೆ ಕೊಟ್ಟರು. ಕಾಲು ತೆಗೆಯುವ ಬಗ್ಗೆ ಕೇಳಿದೆ. ನೋಡಿಕೊಂಡಿದ್ದ ಡಾಕ್ಟರಮ್ಮ ಬಿಡಿಸಿ ಹೇಳಿದರು: ಹಗುರ ಹಕ್ಕಿಯಾದರೆ ಒಂಟಿ ಕಾಲಲ್ಲಿ ಹೇಗೋ ಬದುಕುತ್ತದೆ, ಇಷ್ಟು ತೂಕದ ಕೋಳಿಗೆ ಉಳಿದ ಕಾಲೂ ಕೆಲವೇ ತಿಂಗಳಲ್ಲಿ ಹೀಗೇ ಆಗುತ್ತದೆ, ಅದು ಆಗಲೇ ಶುರುವಾಗಿದೆ. ಮೂಳೆಗೆ ಹೋದ ಸೋಂಕು ಗುಣವಾಗುವುದು ಕಷ್ಟ, ಔಷಧಿ ಹಾಕಿ ನೋಡೋಣ, ಆದರೆ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಈಗಲೇ ಮಾತಾಡಿಕೊಂಡುಬಿಡೋಣ.

ಈ ಮಾತಿಗೆ ನಾನು ಇವತ್ತಿಗೂ ಅವರಿಗೆ ಋಣಿ. ನಾಲ್ಕು ವಿಷಯ ಬರೆಸಿದರು. ತಾನಾಗಿ ಎದ್ದು ನೀರಿನ ತನಕ ಹೋಗುತ್ತಾಳಾ. ಸಂಜೆ ಕತ್ತಿನ ಕೆಳಗಿನ ಮೇವಿನ ಚೀಲ ತುಂಬಿರುತ್ತದಾ. ಪುಕ್ಕ ಕೊಕ್ಕಿನಲ್ಲಿ ತೀಡಿಕೊಳ್ಳುತ್ತಾಳಾ. ತೂಕ ಇಳಿಯುತ್ತಿದೆಯಾ. ನೋಡೋಕೆ ಚೆನ್ನಾಗಿದ್ದಾಳೆ ಅನ್ನುವುದನ್ನು ನಂಬಬೇಡಿ, ಪುಕ್ಕದ ಕೆಳಗೆ ಏನೂ ಕಾಣುವುದಿಲ್ಲ, ಎದೆಮೂಳೆಯ ಮೇಲೆ ಬೆರಳಾಡಿಸಿ ನೋಡಿ ಅಂದರು. ಗಟ್ಟಿಯಿರುವ ಕೋಳಿಯಲ್ಲಿ ಆ ಮೂಳೆಯ ಎರಡೂ ಪಕ್ಕ ಮಾಂಸ ತುಂಬಿ ಬೆರಳಿಗೆ ದುಂಡಗೆ ಸಿಗುತ್ತದೆ. ಸೊರಗಿದ್ದರೆ ಮೂಳೆಯೊಂದೇ ಚೂಪಾಗಿ ತಾಗುತ್ತದೆ.

ಗೋಣಿಚೀಲದಲ್ಲಿ ಕಾಲಿಗೆ ಎರಡು ತೂತು ಮಾಡಿ ಜೋಳಿಗೆ ಕಟ್ಟಿದ್ದೆವು. ಹಗಲಲ್ಲಿ ಸ್ವಲ್ಪ ಹೊತ್ತು ಅದರಲ್ಲಿ ಕೂರಿಸಿದರೆ ಎರಡು ಕಾಲಿಗೂ ಭಾರ ತಪ್ಪುತ್ತಿತ್ತು, ಮುಂದೆ ಬಟ್ಟಲಲ್ಲಿ ಕಾಳು ನೀರು. ಮಗಳು ಶಾಲೆಯಿಂದ ಬಂದ ಕೂಡಲೇ ಜೋಳಿಗೆಯ ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಳು, ಡುಮ್ಮಿ ಪೆನ್ಸಿಲ್ ಕುಕ್ಕುತ್ತಿದ್ದಳು. ಎಡಗಾಲಿನ ಚುಕ್ಕೆ ಬೇಗ ಕಂಡಿದ್ದರಿಂದ ಬರೀ ಉಪ್ಪುನೀರು, ಬೆಟಾಡಿನ್‌ನಲ್ಲೇ ಒಣಗಿತು. ಬಲಗಾಲು ಒಂದು ವಾರ ಇಳಿಯುವುದು, ಮರುವಾರ ಏರುವುದು. ಹೊಸ ಔಷಧಿ ತಡೆದು ನಿಲ್ಲಿಸಿತ್ತೇ ಹೊರತು ಗೆಲ್ಲಲಿಲ್ಲ.

ತೂಕದ ಪಟ್ಟಿ ನಮ್ಮನೆಯವರು ಕ್ಯಾಲೆಂಡರಿನ ಅಂಚಿನಲ್ಲಿ ಬರೆಯುತ್ತಿದ್ದರು. ಅಂಕಿ ಇಳಿಯುತ್ತಲೇ ಬಂತು. ಪಪ್ಪಾಯಿ ಮುಂದಿಟ್ಟರೂ ಕೊಕ್ಕು ಹಾಕದೆ ಸುಮ್ಮನೆ ಕೂತ ದಿನ, ಸಂಜೆ ಮೇವಿನ ಚೀಲ ಖಾಲಿ ಇತ್ತು. ಮಾರನೇ ದಿನವೂ ಖಾಲಿ. ಬೆನ್ನಿನ ಪುಕ್ಕದಲ್ಲಿ ಉಮಿ ಅಂಟಿಕೊಂಡಿದ್ದು ಹಾಗೇ ಇತ್ತು, ತೀಡಿಕೊಂಡಿರಲಿಲ್ಲ. ನಾಲ್ಕರಲ್ಲಿ ಒಂದೂ ಉಳಿದಿರಲಿಲ್ಲ. ಫೋನ್ ಮಾಡಿ ಹೇಳಿ ಹೊರಟೆವು. ಮಗಳನ್ನು ಕರೆದುಕೊಂಡು ಹೋಗುವುದೋ ಬೇಡವೋ ಅಂತ ನಮ್ಮಿಬ್ಬರಲ್ಲಿ ಸಣ್ಣ ಜಗಳವೇ ಆಯಿತು, ಅವಳು ಅಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ಕಾರಲ್ಲಿ ಕೂತಾಗಿತ್ತು.

ಡಾಕ್ಟರಮ್ಮ ಮೊದಲು ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್, ಆಮೇಲೆ ಇನ್ನೊಂದು ಕೊಟ್ಟರು. ಬೇಗ ಆಯಿತು. ಕೊಡುವಾಗ ಒಂದು ಮಾತು ಹೇಳಿದರು, ಈ ಇಂಜೆಕ್ಷನ್ ಆದ ದೇಹವನ್ನು ನಾಯಿ, ನರಿ, ಹದ್ದು, ಕಾಗೆ ಯಾವುದೂ ತಿನ್ನಬಾರದು, ತಿಂದರೆ ಅವೂ ಸಾಯುತ್ತವೆ, ಆಳಕ್ಕೆ ಹೂಳಿ. ತೋಟದ ಮೇಲಿನ ಧರೆಯ ಹತ್ತಿರ ಸೊಂಟದಾಳ ಗುಂಡಿ ತೋಡಿ, ಮೇಲೆ ಕಲ್ಲು ಪೇರಿಸಿದೆವು. ಲೆಕ್ಕ ಹಾಕಿದ್ದ ಮೈದುನನೇ ಗುದ್ದಲಿ ಹಿಡಿದಿದ್ದು.

ಈಗ ಸೌದೆ ರಾಶಿ ಕೊಟ್ಟಿಗೆಯಿಂದ ಹೊರಗೆ ಹೋಗಿದೆ. ಕೂರೋಕೆ ಅಡ್ಡಪಟ್ಟಿ ನಮ್ಮ ಮೊಣಕಾಲಿಗಿಂತ ಕೆಳಗೆ ಹೊಡೆಸಿದ್ದೇವೆ. ದುಂಡನೆಯ ಗಳು ಅಲ್ಲ, ಅಂಗಾಲು ಚಪ್ಪಟೆಯಾಗಿ ಕೂರುವಷ್ಟು ಅಗಲದ ರೀಪು, ಅಂಚು ಉಜ್ಜಿ ನುಣುಪು ಮಾಡಿದ್ದು. ಸಿಮೆಂಟ್ ನೆಲದ ಮೇಲೆ ಉಮಿ, ಒದ್ದೆಯಾದ ಕೂಡಲೇ ಬದಲಿಸುತ್ತೇವೆ. ಸಂಜೆ ಕೂಡುವಾಗ ಎಲ್ಲವುಗಳ ಅಂಗಾಲು ಟಾರ್ಚ್ ಹಾಕಿ ನೋಡುವ ಕೆಲಸ ಮಗಳದ್ದು. ಮೊನ್ನೆ ಇನ್ನೊಂದು ಗಿರಿರಾಜ ಹ್ಯಾಟೆಯ ಎಡಗಾಲಿನಲ್ಲಿ ಸಾಸಿವೆಯಷ್ಟು ಕಪ್ಪು ಕಂಡಿದ್ದಾಳೆ. ಊತ ಇಲ್ಲ, ಬಿಸಿ ಇಲ್ಲ. ಉಪ್ಪುನೀರು ಶುರು ಮಾಡಿದ್ದೇವೆ, ಇದು ಡುಮ್ಮಿಗಿಂತ ಜಾಸ್ತಿ ರಂಪ ಮಾಡುತ್ತದೆ.